ಕಾಣೆಯಾದ ಕುತ್ತಿಗೆಗಡ್ಡೆ

ಆಪರೇಷನ್ ಟೇಬಲ್ಲಿನ ಮೇಲೆ ಹುಸೇನ ಮಲಗಿದ್ದ. ಅವನ ಕುತ್ತಿಗೆ ಇತ್ತು. ಕುತ್ತಿಗೆಯಲ್ಲಿದ್ದ ಗಡ್ಡೆ ಇರಲಿಲ್ಲ.

ಮೊದಲು ಕಂಡವನು ನಾನು. ಹೆಸರು ಸಂತೋಷಕುಮಾರ, ಬಸವಕಲ್ಯಾಣದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆ ವೈದ್ಯ. ಊರಿನವರ ಬಾಯಲ್ಲಿ ‘ಬೇಹೋಷಿ ಡಾಕ್ಟರ್’. ಮೂಗಿನ ಮೇಲೆ ಮಾಸ್ಕ್ ಇಡುವ ಮೊದಲು ರೋಗಿಯ ಬಾಯಿ, ಹಲ್ಲು, ಕುತ್ತಿಗೆ ನೋಡಿಕೊಳ್ಳುವುದು ನನ್ನ ರೂಢಿ. ಹುಸೇನನ ಗದ್ದದವರೆಗೆ ಹೊದಿಸಿದ್ದ ಹಸಿರು ಬಟ್ಟೆ ಸರಿಸಿದೆ. ಎಡಗಡೆ ನೋಡಿದೆ. ಬಲಗಡೆ ನೋಡಿದೆ. ಮತ್ತೆ ಎಡಗಡೆ ನೋಡಿದೆ.

“ಅಂಬರೀಷ, ಗಡ್ಡಿ ಯಾವ ಕಡೆ ಅದ?”

ಸರ್ಜನ್ ಅಂಬರೀಷ ಆಗತಾನೇ ಕೈ ತೊಳೆದು, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ ಒಳಗೆ ಬಂದಿದ್ದ. ನನ್ನ ಜೊತೆ ಓದಿದವನು, ಆತುರದವನು. “ನಿಂಬಿಹಣ್ಣಿನಷ್ಟು ಅದ, ಕಾಣವಲ್ದೇನು? ಎಡಕ್ಕ.”

“ಎಡಕ್ಕ ಏನೂ ಇಲ್ಲ.”

ಅವನು ಬಗ್ಗಿದ. ತೊಳೆದ ಒದ್ದೆ ಬೆರಳಿನಿಂದಲೇ ಒತ್ತಿದ. ಕುತ್ತಿಗೆ ಪಾಟಿಯ ಹಾಗೆ ಸಪಾಟಾಗಿತ್ತು. ಗಾಯವಿಲ್ಲ, ಕಲೆಯಿಲ್ಲ, ಬಾವಿಲ್ಲ.

“ಗಡ್ಡಿ ಎಲ್ಲಿ?” ಎಂದ — ನನ್ನನ್ನಲ್ಲ, ಹುಸೇನನನ್ನು.

ಹುಸೇನ ಅಷ್ಟು ಹೊತ್ತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಮೆಲ್ಲಗೆ ಒಂದು ಕಣ್ಣು ತೆರೆದ. “ಆಯ್ತೇನ್ರಿ ಡಾಕ್ಟರ್ ಸಾಬ್? ಇಷ್ಟು ಜಲ್ದಿ? ಹೊಲಿಗಿ ಎಲ್ಲಿ ಹಾಕಿರಿ?”

“ನಾ ಇನ್ನೂ ಮುಟ್ಟೇ ಇಲ್ಲ.”

“ಮತ್ತ ಹ್ಯಾಂಗ ಹೋಯ್ತು?”

ಅದೇ ಪ್ರಶ್ನೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹುಸೇನ ಇದೇ ಊರಿನವನು. ಮೋಟಾರ್ ಸೈಕಲ್, ಟ್ರ್ಯಾಕ್ಟರುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದ. ಆಷಾಢ ಹಿಡಿಯುವ ಹಿಂದಿನ ದಿನ ಅವನ ಅಣ್ಣ ಬಿಲಾಲ್ ಅವನನ್ನು ಕರೆತಂದಿದ್ದ. ಆಗ ಕುತ್ತಿಗೆಯ ಎಡಕ್ಕೆ, ಗಂಟಲಮಣಿಯ ಪಕ್ಕದಲ್ಲಿ, ಮೆತ್ತಗಿನ ಗಡ್ಡೆ ಎದ್ದು ಕಾಣುತ್ತಿತ್ತು. ನಾನೂ ನೋಡಿದ್ದೆ. ಅಂಬರೀಷ ಒಂದೇ ಸಲ ಒತ್ತಿ, “ಕೊಬ್ಬಿನ ಗಡ್ಡಿ. ಕಾಳಜಿ ಬ್ಯಾಡ, ತೆಗೀತೀನಿ” ಎಂದು ಹೇಳಿಬಿಟ್ಟ. ಶಾಸ್ತ್ರಕ್ಕೆಂದು ಸ್ಕ್ಯಾನ್ ಮಾಡಿದ. ಗಡ್ಡೆಯ ಮೇಲೆ ಯಂತ್ರದ ಹಿಡಿಕೆ ಇಟ್ಟ ಕೂಡಲೇ ಪರದೆಯಲ್ಲಿ ಬರೀ ಬಿಳಿ ಗೆರೆಗಳು, ಕೆಳಗೆ ಮಸುಕು. ಜೆಲ್ ಇನ್ನಷ್ಟು ಹಚ್ಚಿದ. ಮತ್ತೆ ಗೆರೆಗಳು. ಯಂತ್ರದ ಬೆನ್ನಿಗೆ ಎರಡೇಟು ಹಾಕಿದ. ಮರುದಿನ ಸೋಲಾಪುರದಿಂದ ಮೆಕ್ಯಾನಿಕ್ ಬಂದು, ಯಂತ್ರಕ್ಕೆ ಏನೂ ಆಗಿಲ್ಲ ಎಂದು ಬೇಜಾರಿನಿಂದ ಹೇಳಿ ಹೋದ. ಆಪರೇಷನ್ನಿನ ದಿನ ಆಗಲೇ ನಿಗದಿಯಾಗಿತ್ತು. ಆ ದಿನವೇ ಇದು.

ಅಂಬರೀಷ ನನ್ನನ್ನು ಮೂಲೆಗೆ ಎಳೆದ. “ಇವ ಹುಸೇನ ಅಲ್ಲ.”

“ಮತ್ತ ಯಾರು?”

“ಅಂಜಿ ಯಾರನ್ನೋ ಕಳಸ್ಯಾನ. ಅಣ್ಣನ್ನ ಕಳಸಿರಬೇಕು. ಇಬ್ಬರ ಮಾರಿ ಒಂದೇ ಥರ ಅವ.”

“ಅಣ್ಣ ಹೊರಗ ಬೆಂಚಿನ ಮ್ಯಾಲ ಕೂತಾನ.”

“ಹಂಗಾದ್ರ ಮೂರನೇ ತಮ್ಮ ಇದ್ದಾನ.”

ಆಧಾರ್ ಕಾರ್ಡ್ ತರಿಸಿ ನೋಡಿದೆವು. ಅದರ ಫೋಟೋ ಹುಸೇನನ ಹಾಗೂ ಇರಲಿಲ್ಲ, ಬಿಲಾಲನ ಹಾಗೂ ಇರಲಿಲ್ಲ. ಸ್ವಲ್ಪ ಅಂಬರೀಷನ ಹಾಗಿತ್ತು.

ಕೊನೆಗೆ ಹುಸೇನನನ್ನು ಎಬ್ಬಿಸಿ ನಡೆಸಿಕೊಂಡೇ ಹೊರಗೆ ತಂದೆವು. ಅಲ್ಲಿ ಸುರುವಾಯಿತು ನಿಜವಾದ ಆಪರೇಷನ್.

ಬಿಲಾಲ್ ಎತ್ತರದ ಆಳು, ಎತ್ತರದ ದನಿ. ತಮ್ಮನ ಕುತ್ತಿಗೆ ನೋಡಿದ, ನಮ್ಮನ್ನು ನೋಡಿದ. “ಕೊಯ್ದಿಲ್ಲ ಅಂತೀರಿ. ಗಡ್ಡಿ ಇಲ್ಲ ಅಂತೀರಿ. ಮತ್ತ ಒಳಗ ಕರಕೊಂಡು ಹೋಗಿ ಏನ ಮಾಡಿದ್ರಿ? ಗಡ್ಡಿ ಬಿಟ್ಟು ಬ್ಯಾರೆ ಏನರೆ ತಗೊಂಡಿರೇನು?”

ಈ ಕೊನೆಯ ಮಾತು ಹೊರಗಿನ ಬೆಂಚುಗಳವರೆಗೂ ಹೋಯಿತು. ಯಾರೋ “ಕಿಡ್ನಿ” ಎಂದರು. ಕಿಡ್ನಿ ಕುತ್ತಿಗೆಯಲ್ಲಿ ಇರುವುದಿಲ್ಲ ಎಂದು ಅಂಬರೀಷ ಹೇಳಹೊರಟ. “ನಿಮಗ ಗೊತ್ತಿರ್ತದ ಬಿಡ್ರಿ, ಎಲ್ಲಿರ್ತದ ಅಂತ” ಎಂದಿತು ಗುಂಪು. ಮಧ್ಯಾಹ್ನದೊಳಗೆ ವಾರ್ಡಿನಿಂದ ಇಬ್ಬರು ಗಂಟು ಕಟ್ಟಿದರು. “ನಮ್ಮ ಹರ್ನಿಯಾ ನಮ್ಮ ಹತ್ರೇ ಇರ್ಲಿ” ಎಂದು ದುಬಲಗುಂಡಿಯ ಮುದುಕರೊಬ್ಬರು ಕೈಮುಗಿದು ಹೋದರು.

ಅದೇ ಹೊತ್ತಿಗೆ ಹುಮನಾಬಾದಿನಿಂದ ಇನ್ನೊಂದು ಸುದ್ದಿ. ಅಲ್ಲಿ ಶ್ರೀಮಂತ ಎಂಬೊಬ್ಬ ಲೇಪ ಹಚ್ಚುವವನಿದ್ದ. ಹುಸೇನನ ಗಡ್ಡೆ ಕರಗಿದ್ದು ತನ್ನ ಲೇಪದಿಂದ ಎಂದು ಅವನು ಹೇಳಿಕೊಳ್ಳುತ್ತಿದ್ದಾನಂತೆ. ಅವನ ಬಾಗಿಲಿಗೆ ಸಾಲು ಹತ್ತಿದೆಯಂತೆ. ಕುತ್ತಿಗೆಗೆ ಗಂಟು ಬಂದ ಒಬ್ಬ ಹೆಣ್ಣುಮಗಳು ನಮ್ಮಲ್ಲಿಗೆ ಬರುವ ದಾರಿಯಲ್ಲೇ ಅತ್ತ ತಿರುಗಿದ್ದಳಂತೆ. ಹಿಂದಿನ ಸಲ ನಾವು ನೋಡಿದಾಗಲೇ ಅವಳದು ಹುಡುಗಾಟದ ಗಂಟಾಗಿರಲಿಲ್ಲ; ತಡವಾದಷ್ಟೂ ಕಷ್ಟ.

“ಪೊಲೀಸರಿಗೆ ಹೇಳೋಣೇನು?” ಎಂದ ಅಂಬರೀಷ.

“ಏನಂತ? ಕಳುವಾದ ಸಾಮಾನು, ಗಡ್ಡಿ. ಗುರುತು, ಮೆತ್ತಗ ಅದ?”

ಅವನು ತಲೆ ಹಿಡಿದುಕೊಂಡು ಕೂತ. ನಾನು ಹೇಳಿದೆ: “ಜಗದೇವಿ ಮ್ಯಾಡಂಗೆ ಫೋನ್ ಮಾಡ್ತೀನಿ.”

“ಬ್ಯಾಡ,” ಎಂದ. ಆಮೇಲೆ, “ಮಾಡು” ಎಂದ.

ಜಗದೇವಿ ಮ್ಯಾಡಂ ಕಾಲೇಜಿನಲ್ಲಿ ನಮಗೆ ಅನಾಟಮಿ ಕಲಿಸಿದವರು. ನಿವೃತ್ತರಾಗಿ ಬಸವಕಲ್ಯಾಣದಲ್ಲೇ ಇದ್ದರು. ಬದುಕಿದ್ದವರಿಗೆ ಎಂದೂ ಔಷಧ ಬರೆದವರಲ್ಲ. ಸತ್ತವರ ಕುತ್ತಿಗೆಗಳನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸುವುದರಲ್ಲೇ ವಯಸ್ಸು ಕಳೆದಿದ್ದರು. ಅವರಲ್ಲಿ ಒಬ್ಬರೂ ಈವರೆಗೆ ದೂರು ಕೊಟ್ಟಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಅಂಬರೀಷನನ್ನು ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಫೇಲ್ ಮಾಡಿದ್ದರು. ಅವನು ಅವರೆದುರು ಈಗಲೂ ನಿಂತೇ ಮಾತಾಡುತ್ತಾನೆ.

ಗಡ್ಡೆ, ಸ್ಕ್ಯಾನ್, ಮೆಕ್ಯಾನಿಕ್ ಎಲ್ಲದರ ಕಥೆಯನ್ನೂ ಫೋನಿನಲ್ಲೇ ಕೇಳಿಕೊಂಡು ಮ್ಯಾಡಂ ಆಟೋದಲ್ಲಿ ಬಂದರು. ತೋಯ್ದ ಛತ್ರಿ ನನ್ನ ಕೈಗೆ ಕೊಟ್ಟು, ಹುಸೇನನ ಎದುರು ಖುರ್ಚಿ ಎಳೆದು ಕೂತರು. ಕತ್ತು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು.

“ನಾಲಿಗಿ ಹೊರಗ ತೆಗಿ. ಒಳಗ ತಗೋ. ಉಗುಳು ನುಂಗು.” ಗಂಟಲ ಮೇಲೆ ಬೆರಳಿಟ್ಟೇ ಇದ್ದರು. ಆಮೇಲೆ ಅವನ ತುಟಿಗಳನ್ನು ಬಹಳ ಹೊತ್ತು ನೋಡಿದರು. ರಕ್ತ ಕಡಿಮೆ ಇದೆಯೋ ಏನೋ ನೋಡುತ್ತಿದ್ದಾರೆ ಎಂದುಕೊಂಡೆ.

“ಗಡ್ಡಿ ಯಾವಾಗ ಹೋಯ್ತು ತಮ್ಮಾ?”

ಹುಸೇನ ಅಣ್ಣನ ಕಡೆ ನೋಡಿದ. “ಗೊತ್ತಿಲ್ರಿ ಅಮ್ಮಾ.”

“ಇವತ್ತ ಮುಂಜಾನೆ ಇತ್ತೇನು?”

“ಮುಂಜಾನೆ ಮಫ್ಲರ್ ಸುತ್ತಿತ್ರಿ, ಯಾರು ನೋಡ್ಯಾರ?” ಎಂದ ಬಿಲಾಲ್.

“ನೋಯ್ತಿತ್ತೇನು?”

“ನೋಯ್ತಿರಲಿಲ್ರಿ,” ಎಂದ ಬಿಲಾಲ್.

“ಏನ ಕೆಲಸ ಮಾಡ್ತೀ?”

“ಸೀಟ್ ಕವರ್ ಹೊಲಿತಾನ್ರಿ,” ಎಂದ ಬಿಲಾಲ್.

ಮ್ಯಾಡಂ ಕನ್ನಡಕದ ಮೇಲಿಂದ ಅವನನ್ನು ನೋಡಿದರು. “ಗಂಟಲು ಅವಂದು, ಮಾತು ನಿಂದು. ನೀ ಏನ ಮಾಡ್ತೀಪಾ?”

“ಹುಮನಾಬಾದದಾಗ ಧಂದಾ ಅದ್ರಿ. ಲಗ್ನದ ಕೆಲಸ.”

“ಛಲೋ ಆಯ್ತು. ಎಲ್ಲರಿಗೂ ಚಾ ಹೇಳಿ ಬಾ. ಸಕ್ಕರಿ ಕಡಿಮಿ.”

ಅವನು ಹೋದ ಕೂಡಲೇ, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಹುಸೇನನ ಹೆಂಡತಿ ಸರ್ದಾರಬಿಯನ್ನು ಹತ್ತಿರ ಕರೆದರು. “ನೀ ಹೇಳವ್ವಾ. ಗಡ್ಡಿ ಯಾವಾಗ ಬರ್ತದ?”

ಹೋಗುವುದನ್ನು ಬಿಟ್ಟು ಬರುವುದನ್ನು ಯಾಕೆ ಕೇಳಿದರೋ ನನಗೆ ತಿಳಿಯಲಿಲ್ಲ. ಸರ್ದಾರಬಿಗೆ ತಿಳಿಯಿತು.

“ಲಗ್ನದ ದಿನ ಬರ್ತದ್ರಿ.”

“ಯಾರ ಲಗ್ನ?”

“ಯಾರದಾದ್ರೂ.”

ಗಂಡ ಅವಳ ಕಡೆ ತಿರುಗಿದ. ಅವಳು ಮುಂದೆ ಏನೋ ಹೇಳಬೇಕೆನ್ನುವಷ್ಟರಲ್ಲಿ ಬಿಲಾಲ್ ಒಳಗೆ ಬಂದ. ಚಹಾ ತರುವ ಕೆಲಸವನ್ನು ಅಷ್ಟು ಬೇಗ ಮುಗಿಸಿದವರನ್ನು ನಾನು ಆ ಊರಿನಲ್ಲಿ ನೋಡಿಲ್ಲ. “ಹೆಂಗಸರಿಗೆ ಏನ ಗೊತ್ತಾಗ್ತದ ಬಿಡ್ರಿ,” ಎಂದ. ಸರ್ದಾರಬಿ ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದಳು.

ಮ್ಯಾಡಂ ಚಹಾ ಕುಡಿದು ಅಂಬರೀಷನ ಕಡೆ ತಿರುಗಿದರು. ಅವನು ಎದ್ದು ನಿಂತ.

“ಗಡ್ಡಿ ಇದ್ದ ಜಾಗಾ ತೋರ್ಸು.” ತೋರಿಸಿದ. “ಅಲ್ಲಿ, ಮ್ಯಾಲಿನ ಹೈಯಾಯ್ಡ್ ಎಲುಬಿಗೂ ಕೆಳಗಿನ ಥೈರಾಯ್ಡ್ ಮೃದು ಎಲುಬಿಗೂ ನಡುವ ಏನದ?”

“ಒಂದು ಪೊರೆ, ಮ್ಯಾಡಂ.”

“ಆ ಪೊರೆಯೊಳಗಿಂದ ಏನ ಹಾಯ್ತದ?”

“ಒಂದು ನರ, ಮ್ಯಾಡಂ. ಒಂದು ರಕ್ತನಾಳ.”

“ಮತ್ತ?”

ಅಂಬರೀಷ ಚಾವಣಿ ನೋಡಿದ. ಪರೀಕ್ಷೆಯ ದಿನವೂ ಹೀಗೆಯೇ ನೋಡಿದ್ದ.

“ಕೂತು ಯೋಚ್ನಿ ಮಾಡು. ಸಂತೋಷಾ, ಕಾರ್ ತೆಗಿ. ಹುಮನಾಬಾದಕ್ಕ ಹೋಗೋಣ.”

ಬಂಗ್ಲಾ ಎಂಬ ಕ್ರಾಸ್ ದಾಟಿ ಹೈವೇ ಹಿಡಿದೆವು. ತೊಗರಿ ಹೊಲಗಳ ಮೇಲೆ ಜಿಟಿಜಿಟಿ ಮಳೆ. ಸರ್ದಾರಬಿಯ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

“ಮ್ಯಾಡಂ, ನನಗ ಗೊತ್ತಾಯ್ತು. ಲಗ್ನದಾಗ ಬಿರಿಯಾನಿ ಇರ್ತದ. ಅದರಾಗಿನ ಮಸಾಲಿ ಯಾವದೋ ಅವನಿಗೆ ಆಗಿ ಬರೂದಿಲ್ಲ. ಅಲರ್ಜಿ. ಗಂಟಲು ಬಾತು—”

“ಒಂದೇ ಕಡೆ? ನಿಂಬಿಹಣ್ಣಿನಂಗ ಗುಂಡಗ?”

ನಾನು ಗೇರು ಬದಲಿಸಿದೆ.

“ಸಂತೋಷಾ, ಕೊಬ್ಬಿನ ಗಡ್ಡಿ ಹಂಗ ಬಂದು ಹೋಗೂದಿಲ್ಲ. ಕೀವಿನ ಗಡ್ಡಿ ಒಡದ್ರ ಗುರ್ತು ಬಿಡ್ತದ. ಹುಟ್ಟಿನಿಂದ ಬಂದ ನೀರಿನ ಚೀಲ ಆಗಿದ್ರ ನುಂಗಿದಾಗೋ ನಾಲಿಗಿ ಚಾಚಿದಾಗೋ ಸುಳಿವು ಕೊಡ್ತಿತ್ತು. ಬಂದು ಹೋಗೋ ಗಡ್ಡಿ ಅಂದ್ರ ಅದರೊಳಗ ಬಂದು ಹೋಗೋ ವಸ್ತು ಇರಬೇಕು. ಮೊದಲು ಈ ಲೇಪದವನ್ನ ನೋಡೋಣ. ಅವ ಖರೇ ಹೇಳಿದ್ರ ನನ್ನ ಲೆಕ್ಕ ತಪ್ಪು.”

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಶ್ರೀಮಂತನ ಖೋಲಿ. ಒಳಗೆ ಸಾಸಿವೆ ಎಣ್ಣೆಯೋ ಇಂಗೋ ಗೊತ್ತಾಗದ ಘಾಟು. ಗಂಟಲಿಗೆ, ಮೊಣಕಾಲಿಗೆ ಹಸಿರು ಬಳಿದುಕೊಂಡ ಜನ ಗೋಡೆಗುಂಟ ಕೂತಿದ್ದರು. ಶ್ರೀಮಂತ ದುಂಡು ಮುಖದ, ಮೃದು ಮಾತಿನ ಮನುಷ್ಯ. ನಾವು ಡಾಕ್ಟರುಗಳೆಂದು ತಿಳಿದ ಮೇಲೂ ಅಳುಕಲಿಲ್ಲ.

“ಹುಸೇನನ ಗಡ್ಡಿ ಕರಗಿಸಿದವರು ನೀವೇನ್ರಿ?” ಎಂದು ಕೇಳಿದರು ಮ್ಯಾಡಂ.

“ನಾನೇರಿ. ಒಂದೇ ಲೇಪ.”

“ಯಾವ ಕಡೆ ಹಚ್ಚಿದ್ರಿ?”

ಶ್ರೀಮಂತ ತನ್ನ ಕೈಯನ್ನೇ ಗಾಳಿಯಲ್ಲಿ ಆಡಿಸಿ ನೆನಪು ಮಾಡಿಕೊಂಡ. “ಬಲಗಡೆ.”

“ಗಡ್ಡಿ ಎಡಗಡೆ ಇತ್ತಲ್ರಿ.”

ಮೊಣಕಾಲಿಗೆ ಲೇಪ ಹಚ್ಚಿಸಿಕೊಂಡಿದ್ದ ಒಬ್ಬ ತನ್ನ ಎರಡೂ ಮೊಣಕಾಲು ನೋಡಿಕೊಂಡ.

“ನಮ್ಮ ಲೇಪ ಹಂಗೇರಿ,” ಎಂದ ಶ್ರೀಮಂತ. “ಈ ಕಡೆ ಹಚ್ಚಿದ್ರ ಆ ಕಡೆ ಹಿಡಿತದ.”

“ಇರ್ಲಿ. ಹಚ್ಚುವಾಗ ಗಡ್ಡಿ ಎಷ್ಟು ದೊಡ್ಡದಿತ್ತು?”

ಮ್ಯಾಡಂ ಕಾದರು. ಪರೀಕ್ಷೆಯಲ್ಲಿ ಕಾಯುವ ಹಾಗೆಯೇ — ಮುಖದಲ್ಲಿ ಸಿಟ್ಟಿಲ್ಲ, ಅವಸರವಿಲ್ಲ, ಬಿಡುವ ಮನಸ್ಸೂ ಇಲ್ಲ.

ಶ್ರೀಮಂತ ದನಿ ಇಳಿಸಿದ. “ಖರೇ ಹೇಳ್ಲಿ? ನಾ ಗಡ್ಡಿ ನೋಡೇ ಇಲ್ರಿ. ಮೊಹರಮ್ ಚಾಂದ ಕಂಡ ಮ್ಯಾಲ ಬಂದಿದ್ದ. ಆಪರೇಷನ್ನಿಗೆ ಅಂಜಿದ್ದ. ಕುತ್ತಿಗಿ ಸಾಫ್ ಇತ್ತು. ಮತ್ತ ಬರದಂಗ ಏನರೆ ಹಚ್ರಿ ಅಂದ. ಬಂದವರನ್ನ ಬರಿಗೈಲೆ ಕಳಸಬಾರದಂತ ಹಚ್ಚಿದೆ. ಯಾವ ಕಡೆ ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

“ಅಂದ್ರ ನಿಮ್ಮ ಹತ್ರ ಬರೋ ಮೊದಲೇ ಗಡ್ಡಿ ಹೋಗಿತ್ತು.”

“ಹೌದ್ರಿ.”

“ಇದನ್ನ ಇಲ್ಲಿ ಕೂತವರಿಗೆ ಕೇಳೋ ಹಂಗ ಒಮ್ಮೆ ಹೇಳಿಬಿಡ್ರಿ. ಕುತ್ತಿಗಿಗೆ ಗಂಟು ಬಂದವರನ್ನ ದವಾಖಾನಿಗೆ ಕಳಸ್ರಿ. ಕುತ್ತಿಗಿ ಅಂದ್ರ ಮೊಣಕಾಲಲ್ಲ.”

ಅವನು ಹೇಳಿದ. ಸ್ವಲ್ಪ ಸುತ್ತಿ ಬಳಸಿ ಹೇಳಿದ, ಆದರೆ ಹೇಳಿದ. ದಾರಿ ತಪ್ಪಿದ್ದ ಆ ಹೆಣ್ಣುಮಗಳು ಎದ್ದು ನಮ್ಮ ಹಿಂದೆಯೇ ಹೊರಗೆ ಬಂದಳು. ಮ್ಯಾಡಂ ಅವಳ ಕುತ್ತಿಗೆ ಅಲ್ಲೇ ಮಳೆಯಲ್ಲಿ ಒತ್ತಿ ನೋಡಿ, ನಾಳೆಯೇ ಬರಬೇಕೆಂದು ಹೇಳಿ ಬಸ್ ಹತ್ತಿಸಿದರು.

ಕಾರಿನಲ್ಲಿ ಮ್ಯಾಡಂ ಗೆಲುವಾಗಿದ್ದರು. “ಆಷಾಢ ಹಿಡಿಯೋ ಹಿಂದಿನ ದಿನ ಗಡ್ಡಿ ಇತ್ತು. ಮೊಹರಮ್ ಚಾಂದ ಕಂಡಾಗ ಇರಲಿಲ್ಲ. ಈ ಸಲ ಎರಡೂ ಒಮ್ಮೆಲೆ ಬಂದ್ವು. ಆಷಾಢದಾಗ ಹಿಂದೂಗಳ ಲಗ್ನ ಇಲ್ಲ. ಮೊಹರಮ್ಮಿನಾಗ ಮುಸ್ಲಿಮರ ನಿಕಾಹ್ ಇಲ್ಲ. ಲಗ್ನ ನಿಂತ್ವು, ಗಡ್ಡಿ ಹೋಯ್ತು. ಲಗ್ನದಾಗ ಅವ ಏನ ಮಾಡ್ತಾನ?”

“ಊಟ ಮಾಡ್ತಾನ,” ಎಂದೆ. ಬಿರಿಯಾನಿಯನ್ನು ನಾನು ಇನ್ನೂ ಬಿಟ್ಟಿರಲಿಲ್ಲ.

ಬಜಾರಿನ ತಿರುವಿನಲ್ಲಿ ಮ್ಯಾಡಂ ನನ್ನ ತೋಳು ಹಿಡಿದರು. “ಗಾಡಿ ನಿಲ್ಸು. ಗಡ್ಡಿ ಸಿಕ್ತು.”

ಎದುರಿನ ಅಂಗಡಿಯ ತಲೆಯ ಮೇಲೆ ಬಾಗಿಲಿಗಿಂತ ದೊಡ್ಡ ಫ್ಲೆಕ್ಸ್. ‘ಬಿಲಾಲ್ ಬ್ರಾಸ್ ಬ್ಯಾಂಡ್. ಲಗ್ನ, ಬಾರಾತ್, ಮೆರವಣಿಗೆ.’ ಕೆಂಪು ಕೋಟು, ಬಂಗಾರದ ಅಂಚಿನ ಟೋಪಿ ಹಾಕಿದ ಬ್ಯಾಂಡಿನವರ ಸಾಲು. ನಡುವೆ, ಎಲ್ಲರಿಗಿಂತ ದೊಡ್ಡದಾಗಿ, ಟ್ರಂಪೆಟ್ಟು ಮುಗಿಲಿಗೆ ಎತ್ತಿ ಊದುತ್ತಿರುವ ಹುಸೇನ. ಕೆನ್ನೆ ಎರಡೂ ಪೂರಿಯ ಹಾಗೆ ಉಬ್ಬಿದ್ದವು. ಕಾಲರಿನ ಮೇಲೆ, ಎಡಗಡೆಗೆ — ಗಡ್ಡೆ. ನಮ್ಮ ಆಸ್ಪತ್ರೆಯಲ್ಲಿ ನಿಂಬೆಹಣ್ಣಿನಷ್ಟಿದ್ದದ್ದು ಇಲ್ಲಿ ಕುಂಬಳಕಾಯಿಯಷ್ಟಿತ್ತು. ಇಡೀ ಹುಮನಾಬಾದ್ ದಿನವೂ ಅದರ ಕೆಳಗೇ ಓಡಾಡುತ್ತಿತ್ತು.

ಅಂಗಡಿಯೊಳಗೆ ಅ‌ಜೀಮುದ್ದೀನ್ ಎಂಬ ಹಿರಿಯ ಡ್ರಮ್ಮಿನವರು ಕೋಟುಗಳ ಗುಂಡಿ ಹೊಲಿಯುತ್ತ ಕೂತಿದ್ದರು. ಸೀಜನ್ ಇಲ್ಲದ ದಿನಗಳು. ಮಾತಿಗೆ ಯಾರಾದರೂ ಸಿಕ್ಕರೆ ಸಾಕಾಗಿತ್ತು.

“ಹುಸೇನ ಏನ್ರಿ? ಅಂವ ಊದಿದ್ರ ಮದುಮಗಳ ಅವ್ವ ಅಳ್ತಾಳ. ಅವ್ವ ಅಳದಿದ್ರ ಅಪ್ಪ ಅಳ್ತಾನ. ಯಾರರೆ ಒಬ್ರು ಅಳಲೇಬೇಕು. ನಮ್ಮ ಬ್ಯಾಂಡ್ ನಡೆಯೋದೇ ಅವನ ಮ್ಯಾಲ.”

“ಕುತ್ತಿಗಿಗೆ ಅದೇನ್ರಿ?”

“ಅದಾ? ಊದಿದ್ರ ಬರ್ತದ. ಬಿಟ್ರ ಒಂದೆರಡು ದಿನದಾಗ ಹೋಗ್ತದ. ಹೋದ ವರ್ಷ ಇಷ್ಟಿತ್ತು, ಈ ವರ್ಷ ಇಷ್ಟಾಗ್ಯದ.” ಅವರು ಬೆರಳಿನಲ್ಲಿ ಮೊದಲು ಬಾರೆಹಣ್ಣು, ಆಮೇಲೆ ನಿಂಬೆಹಣ್ಣು ತೋರಿಸಿದರು.

“ಡಾಕ್ಟರಿಗೆ ಹೇಳ್ಲಿಲ್ಲೇನು?”

“ಬಿಲಾಲ್ ಭಾಯಿ ಹೇಳ್ತೀನಿ ಅಂದಿದ್ದ.”

ಮ್ಯಾಡಂ ಗೋಡೆಗೆ ತೂಗುಹಾಕಿದ್ದ ಟ್ರಂಪೆಟ್ಟನ್ನು ಎರವಲು ಕೇಳಿದರು. ವಾಪಸು ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿರಿಯಾನಿಯ ಮಾತು ನಾನು ಮತ್ತೆ ತೆಗೆಯಲಿಲ್ಲ.

ನಾವು ಆಸ್ಪತ್ರೆ ತಲುಪಿದಾಗ ಗುಂಪು ಇನ್ನೂ ಇತ್ತು. ಬಿಲಾಲ್ ಅಂಬರೀಷನನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡು ಮಾತಾಡುತ್ತಿದ್ದ. ಮ್ಯಾಡಂ ಕೈಯಲ್ಲಿದ್ದ ಟ್ರಂಪೆಟ್ಟು ಕಂಡಿತು. ಅವನ ಮಾತು ಅರ್ಧಕ್ಕೇ ನಿಂತಿತು.

“ಹುಸೇನಾ,” ಎಂದರು ಮ್ಯಾಡಂ, “ಒಂದು ಸ್ವಲ್ಪ ಊದು. ಪೂರಾ ಹಾಡು ಬ್ಯಾಡ.”

ಹುಸೇನ ಅಣ್ಣನನ್ನು ನೋಡಿದ. ಟ್ರಂಪೆಟ್ಟನ್ನು ನೋಡಿದ. ಆ ನೋಟದಲ್ಲಿ ಅಣ್ಣ ಸೋತ.

ಊದಿದ. ಒಂದು ಮದುವೆ ಮನೆ ಇದ್ದಕ್ಕಿದ್ದಂತೆ ವಾರ್ಡಿನೊಳಗೆ ಬಂದ ಹಾಗಾಯಿತು. ಹೆರಿಗೆಯಾದ ಹೆಂಗಸೊಬ್ಬಳ ಅವ್ವ ಕಣ್ಣೊರೆಸಿಕೊಂಡಳು. ಉಳಿದವರೆಲ್ಲ ಹುಸೇನನ ಕುತ್ತಿಗೆಯನ್ನೇ ನೋಡುತ್ತಿದ್ದರು. ತಂದೂರಿನಲ್ಲಿ ರೊಟ್ಟಿ ಉಬ್ಬುವ ಹಾಗೆ ಎಡಗಡೆಯ ಚರ್ಮ ಮೆಲ್ಲಗೆ ಎದ್ದಿತು. ಬಾರೆಹಣ್ಣಾಯಿತು. ನಿಂಬೆಹಣ್ಣಾಯಿತು.

“ಸಾಕು.” ಮ್ಯಾಡಂ ಗಡ್ಡೆಯ ಮೇಲೆ ಬೆರಳಿಟ್ಟು ಹಗುರವಾಗಿ ಒತ್ತಿದರು. ಒಳಗೆ ಎಲ್ಲೋ ಬುಳುಬುಳು ಸದ್ದು. ಗಡ್ಡೆ ಅರ್ಧಕ್ಕಿಳಿಯಿತು.

ಗುಂಪಿನಲ್ಲಿ ಯಾರೂ ಕಿಡ್ನಿಯ ಮಾತೆತ್ತಲಿಲ್ಲ.

“ಅಂಬರೀಷಾ, ಆ ಪೊರೆಯೊಳಗಿಂದ ನರ ಹಾಯ್ತದ, ರಕ್ತನಾಳ ಹಾಯ್ತದ. ಮತ್ತ?”

“ಗಾಳಿ, ಮ್ಯಾಡಂ,” ಎಂದ ಅಂಬರೀಷ ಸಣ್ಣ ದನಿಯಲ್ಲಿ.

“ಪಾಸ್.” ಮ್ಯಾಡಂ ಖುರ್ಚಿಯಲ್ಲಿ ಕೂತರು. “ಎಲ್ಲರೂ ಕೇಳ್ರಿ. ದನಿ ಹುಟ್ಟೋ ಪೆಟ್ಟಿಗಿಯೊಳಗ ಎರಡೂ ಕಡೆ ಒಂದೊಂದು ಸಣ್ಣ ಕಿಸೆ ಇರ್ತದ. ನಿಮಗೂ ಅದ, ನನಗೂ ಅದ. ಅದರಿಂದ ನಮಗ ತ್ರಾಸಿಲ್ಲ. ಆದ್ರ ವರ್ಷಗಟ್ಲೆ ಜೋರಿಲೆ ಊದೋರಿಗೆ ಒಮ್ಮೊಮ್ಮೆ ಆ ಕಿಸೆ ಹಿಗ್ಗತದ. ಹಿಗ್ಗಿ ಹಿಗ್ಗಿ, ಪೊರೆಯಾಗ ನರ ಹಾಯೋ ಕಂಡಿಯಿಂದಲೇ ಹೊರಗ ಬಂದು ಚರ್ಮದ ಕೆಳಗ ಚೀಲ ಆಗ್ತದ. ಲ್ಯಾರಿಂಗೋಸೀಲ್ ಅಂತಾರ. ಊದಿದ್ರ ತುಂಬ್ತದ, ಬಿಟ್ರ ಇಳಿತದ. ಹಿಂಗಾಗೋದು ಭಾಳ ಅಪರೂಪ.”

“ಹಂಗಾದ್ರ ಸ್ಕ್ಯಾನಿನಾಗ ಯಾಕ ಕಾಣ್ಲಿಲ್ಲ?” ಎಂದೆ.

“ಕಂಡಿತ್ತು. ನೀವೇ ನೋಡ್ಲಿಲ್ಲ. ಆ ಯಂತ್ರದ ಸಪ್ಪಳ ಗಾಳಿಯೊಳಗ ಮುಂದ ಹೋಗೂದಿಲ್ಲ. ಬರೀ ಬಿಳಿ ಗೆರಿ ತೋರಸ್ತದ. ಕೊಬ್ಬಾಗಿದ್ರ ಕೊಬ್ಬು ಕಾಣ್ತಿತ್ತು. ಯಂತ್ರ ಆವತ್ತೇ ಖರೇ ಹೇಳಿತ್ತು. ಅಂಬರೀಷ ಅದಕ್ಕ ಎರಡು ಬಡದ. ಮೆಕ್ಯಾನಿಕ್ ಬಂದು ಯಂತ್ರ ಸರಿ ಅದ ಅಂದ. ಯಂತ್ರ ಸರಿ ಇದ್ರ, ಅದು ತೋರಿಸಿದ್ದೂ ಸರಿ ಇರಬೇಕಲ್ಲ — ಇದನ್ನ ಒಬ್ರೂ ವಿಚಾರ ಮಾಡ್ಲಿಲ್ಲ. ಎರಡನೇದು, ಇವನ ಮ್ಯಾಲಿನ ತುಟಿ. ನಡುವ ದುಂಡಗ ಜಡ್ಡುಗಟ್ಟ್ಯದ. ಸೀಟ್ ಕವರ್ ಹೊಲಿಯೋರಿಗೆ ಬೆರಳು ಜಡ್ಡುಗಟ್ಟತಾವ, ತುಟಿ ಅಲ್ಲ.”

ಮ್ಯಾಡಂ ಟ್ರಂಪೆಟ್ಟನ್ನು ಬಿಲಾಲನ ಕಡೆ ಚಾಚಿದರು.

“ಗಡ್ಡಿ ಕದ್ದವರು ಯಾರೂ ಇಲ್ಲ. ಆದ್ರ ಒಬ್ಬ ಖರೇ ಮಾತನ್ನೇ ಕದ್ದಾನ. ಆವತ್ತು ಬಾರಾತ್ ಮುಗಿಸಿ ತಮ್ಮನ್ನ ನೇರವಾಗಿ ಇಲ್ಲಿಗೆ ತಂದಾನ. ಅದಕ್ಕೇ ಗಡ್ಡಿ ತುಂಬಿತ್ತು. ಕೇಳಿದ್ದಕ್ಕೆಲ್ಲ ತಾನೇ ಉತ್ರ ಕೊಟ್ಟಾನ. ಇವತ್ತ ಮಫ್ಲರ್ ಸುತ್ತಿದವನೂ ಅವನೇ. ಗಲಾಟಿ ಎಬ್ಬಿಸಿದವನೂ ಅವನೇ. ಯಾಕ ಬಿಲಾಲಾ?”

ಬಿಲಾಲನ ಎತ್ತರವೆಲ್ಲ ಎಲ್ಲಿ ಹೋಯಿತೋ. “ಊದ್ತಾನ ಅಂದ್ರ ಊದಬ್ಯಾಡ ಅಂತೀರಂತ ಗೊತ್ತಿತ್ರಿ. ಶ್ರಾವಣದಾಗ ಮತ್ತ ಲಗ್ನ ಸುರು ಆಗ್ತಾವ. ಅಷ್ಟರಾಗ ಕೊಯ್ದು ಕೊಟ್ರ ಆಯ್ತಂತ ತಿಳಿದಿದ್ದೆ. ಹುಸೇನಂಗೂ ಹೇಳಬ್ಯಾಡ ಅಂದಿದ್ದೆ.”

“ನನಗೂ ಊದೋದು ಬಿಡೋ ಮನಸ್ಸಿರ್ಲಿಲ್ರಿ, ಅದಕ್ಕೇ ಏನೂ ತಿಳಿಯದವನಂಗ ಮಾಡಿದೆ,” ಎಂದ ಹುಸೇನ. “ಆದ್ರ ಗಡ್ಡಿ ಇಳದದ್ದು ನೀವು ನೋಡ್ತೀರಿ, ಒಳಗ ಹುಡುಕಿ ತೆಗಿತೀರಿ ಅಂದ್ಕೊಂಡಿದ್ದೆ.”

“ಕಿಡ್ನಿ ಮಾತು?” ಎಂದ ಅಂಬರೀಷ.

“ನಾ ಕಿಡ್ನಿ ಅಂದಿಲ್ರಿ. ಬ್ಯಾರೆ ಏನರೆ ಅಂದೆ. ಜೋರ್ ಮಾಡಿದ್ರ ನೀವು ಮತ್ತ ಪ್ರಶ್ನೆ ಕೇಳೂದಿಲ್ಲಂತ.”

“ನೀ ಏನ ಮಾಡಿದ್ದಿ ಅಂತ ಗೊತ್ತದೇನು?” ಮ್ಯಾಡಂ ದನಿ ಏರಲಿಲ್ಲ. “ಈ ಚೀಲ ಹೊರಗ ಬಂದಂಗ ಒಳಗೂ ಬರ್ತದ. ಈ ಸಂತೋಷ ಇವನ್ನ ಮಲಗಿಸಿ, ಮಾಸ್ಕ್ ಇಟ್ಟು, ಜೋರಿಲೆ ಗಾಳಿ ಒತ್ತಿದ್ದ ಅಂತ ಇಟ್ಕೋ. ಒಳಗಿನ ಕಡೆ ಚೀಲ ಉಬ್ಬಿದ್ರ ಉಸಿರಿನ ದಾರೀನೇ ಮುಚ್ಚತಿತ್ತು. ಅದು ತಪ್ಪಿದ್ರ ಅಂಬರೀಷ ಕೊಬ್ಬಂತ ತಿಳಿದು ಬುಡಕ್ಕ ಕತ್ರಿ ಹಾಕ್ತಿದ್ದ. ಬುಡದಾಗೇ ನರ ಅದ. ನೀರಿನ ಹನಿ ದಾರಿ ತಪ್ಪದಂಗ ಗಂಟಲು ಕಾಯೋ ನರ. ಅದು ಹೋಗಿದ್ರ ನಿನ್ನ ತಮ್ಮ ಒಂದು ಗ್ಲಾಸ್ ನೀರು ನೆಟ್ಟಗ ಕುಡಿತಿರ್ಲಿಲ್ಲ.”

ನನ್ನ ಅಂಗೈ ನೋಡಿಕೊಂಡೆ. ಮುಂಜಾನೆ ಮಾಸ್ಕು ಅದೇ ಅಂಗೈಯಲ್ಲಿತ್ತು.

ಬಿಲಾಲ್ ಬೆಂಚಿನ ಮೇಲೆ ಕೂತ. ಕೋಪ ಬಂದದ್ದು ಹುಸೇನನಿಗೂ ಅಲ್ಲ, ನಮಗೂ ಅಲ್ಲ, ಸರ್ದಾರಬಿಗೆ. ಮೂಲೆಯಿಂದ ಮುಂದೆ ಬಂದು ಭಾವನ ಎದುರು ನಿಂತಳು. “ಇನ್ನ ಮ್ಯಾಲ ಡಾಕ್ಟರ್ ಏನರೆ ಕೇಳಿದ್ರ ನಾ ಹೇಳ್ತೀನಿ, ಭಾಯಿಜಾನ್. ನೀವು ಚಾ ತರ್ರಿ.”

ಅಂದಿನಿಂದ ಹಾಗೆಯೇ ನಡೆಯಿತು.

ಕಲಬುರಗಿಯಲ್ಲಿ ಹುಸೇನನ ಕುತ್ತಿಗೆಯ ಸಿ.ಟಿ. ಸ್ಕ್ಯಾನ್ ಆಯಿತು. ಕಪ್ಪು ಗಾಳಿಯ ಚೀಲ, ಪೊರೆಯ ಕಂಡಿಯಲ್ಲಿ ಅದರ ಸಣ್ಣ ಕೊರಳು — ಮ್ಯಾಡಂ ಹೇಳಿದ ಜಾಗದಲ್ಲೇ. ಕಿಸೆಯ ಬಾಯಲ್ಲಿ ಕೆಟ್ಟ ಗಂಟು ಬೆಳೆದೂ ಕೆಲವೊಮ್ಮೆ ಹೀಗಾಗುವುದುಂಟು ಎಂದು ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಅಂಥದ್ದೇನೂ ಇರಲಿಲ್ಲ. ಆಪರೇಷನ್ನಿಗೆ ಅಲ್ಲಿಂದಲೇ ಕಿವಿ-ಮೂಗು-ಗಂಟಲಿನ ಸರ್ಜನ್ ಡಾ. ಮಲಿಕಾ ಬಂದರು. ಅಂಬರೀಷ ಅವರಿಗೆ ಸಹಾಯಕನಾಗಿ ನಿಂತ. ನಾನು ಮಾಸ್ಕು ಒತ್ತದೆ, ಗಂಟಲಿಗೆ ಮದ್ದು ಹಾಕಿ, ಹುಸೇನ ಎಚ್ಚರವಿರುವಾಗಲೇ ಉಸಿರಿನ ನಳಿಕೆ ಇಳಿಸಿ, ಆಮೇಲೆ ಮಲಗಿಸಿದೆ.

ಜಗದೇವಿ ಮ್ಯಾಡಂ ಹಿಂದೆ ಸ್ಟೂಲಿನ ಮೇಲೆ ನಿಂತು ನೋಡಿದರು. ಬಿಸಿ ರಕ್ತ ಹರಿಯುವ ಕುತ್ತಿಗೆ ಅವರ ಕಣ್ಣಿಗೆ ಅಪರೂಪ. ಪೊರೆಯ ಮೇಲೆ ನೂಲಿನೆಳೆಯಂಥ ಬಿಳಿ ನರ ಕಂಡಾಗ, ಬಾಯಿ ಬಿಡಲು ಹೋಗಿ ತಡೆದುಕೊಂಡರು. ಡಾ. ಮಲಿಕಾ ಆಗಲೇ ಅದನ್ನು ಪಕ್ಕಕ್ಕೆ ಸರಿಸಿ ಕಾಯ್ದಿಟ್ಟಿದ್ದರು.

ಆರು ತಿಂಗಳು ಊದುವಂತಿಲ್ಲ. ಆಮೇಲೂ ಕೇಳಿಯೇ ಊದಬೇಕು ಎಂದು ಹುಸೇನನಿಗೆ ಮೊದಲೇ ಹೇಳಿದ್ದರು. ಶ್ರಾವಣದ ಲಗ್ನಗಳಿಗೆ ಬಿಲಾಲ್ ತಾನೇ ಟ್ರಂಪೆಟ್ಟು ಹಿಡಿದು ರೂಢಿ ಮಾಡುತ್ತಿದ್ದನಂತೆ. ಬಜಾರಿನಲ್ಲಿ ಜನ ಎಮ್ಮೆ ಕಟ್ಟಿದ್ದೀರೇನು ಎಂದು ವಿಚಾರಿಸುತ್ತಿದ್ದರಂತೆ.

ಮರುದಿನ ಬೆಳಿಗ್ಗೆ ಹುಸೇನನ ಕೈಗೆ ಒಂದು ಗ್ಲಾಸ್ ನೀರು ಕೊಟ್ಟೆವು. ಮಂಚದ ಸುತ್ತ ಮ್ಯಾಡಂ, ಅಂಬರೀಷ, ನಾನು, ಸರ್ದಾರಬಿ. ಕಾಲಬದಿಗೆ ಬಿಲಾಲ್, ಎರಡೂ ಕೈಯಲ್ಲಿ ಮಂಚದ ಸರಳು ಹಿಡಿದುಕೊಂಡು.

“ಸಾವಕಾಶ,” ಎಂದರು ಮ್ಯಾಡಂ.

ಒಂದು ಗುಟುಕು. ಪಟ್ಟಿ ಸುತ್ತಿದ ಗಂಟಲು ಮೇಲೆ ಹೋಯಿತು, ಕೆಳಗೆ ಬಂತು. ಹುಸೇನ ಕೆಮ್ಮಲಿಲ್ಲ. ಇನ್ನೊಂದು ಗುಟುಕು. ಅದೂ ಇಳಿಯಿತು. ಅವನು ನುಂಗಿದಾಗೆಲ್ಲ ಕಾಲಬದಿಯಲ್ಲಿ ಬಿಲಾಲನ ಗಂಟಲೂ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅವನಿಗದು ಗೊತ್ತೇ ಇರಲಿಲ್ಲ. ಕಣ್ಣು ತುಂಬಿದ್ದವು.

ಹುಸೇನ ಗ್ಲಾಸು ಖಾಲಿ ಮಾಡಿ ಕೆಳಗಿಟ್ಟ. ಅಣ್ಣನನ್ನು ನೋಡಿದ. ದನಿ ಕರಕರ ಎನ್ನುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು.

“ಡಾಕ್ಟರ್ ಸಾಬ್, ಭಾಯಿಗೂ ಒಂದು ಗ್ಲಾಸ್ ಕೊಡ್ರಿ. ನನಗಿಂತ ಅವನಿಗೇ ಹೆಚ್ಚಿಗಿ ನೀರಡಿಕಿ ಆಗ್ಯದ.”